ಹಾಸನ ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತಿದೆ? ನಮ್ಮನೇಲಿ ಮೂರು ಉತ್ತರ ಬಂದಿವೆ

ಬಿಕಾಂ_ಅಪ್ಪ, ಭಾನುವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬಿಕಾಂ. ನನಗೂ ವಿಜ್ಞಾನಕ್ಕೂ ಹತ್ತನೇ ಕ್ಲಾಸಿನಲ್ಲೇ ಸಂಬಂಧ ಮುಗಿಯಿತು. ಮಗಳು ಈಗ ಮೊದಲ ಪಿಯುಸಿ, ಸೈನ್ಸ್ ತಗೊಂಡಿದ್ದಾಳೆ. ವೃತ್ತದಲ್ಲಿ ಚಲನೆ ಅನ್ನೋ ಪಾಠ ಮುಗಿಸಿ ಲೆಕ್ಚರರ್ ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದಾರೆ: ಭೂಮಿ ತನ್ನ ಸುತ್ತ ತಾನು ತಿರುಗುತ್ತದಲ್ಲ, ಅದರಿಂದ ನಿಮ್ಮ ಊರು ಎಷ್ಟು ವೇಗದಲ್ಲಿ ಹೋಗುತ್ತಿದೆ, ಲೆಕ್ಕ ಹಾಕಿ ತನ್ನಿ ಅಂತ. ನಮ್ಮೂರು ಹಾಸನ. ಅಕ್ಷಾಂಶ 13 ಡಿಗ್ರಿ. ಇದೇನು ಮಹಾ ಅಂತ ನಾನೂ ಪೆನ್ನು ಹಿಡಿದು ಕೂತೆ. ಅಲ್ಲೇ ಎಡವಟ್ಟಾಯಿತು.

ನನ್ನ ಲೆಕ್ಕ ಹೀಗೆ. 24 ಗಂಟೆಗೆ 360 ಡಿಗ್ರಿ, ಅಂದರೆ ಗಂಟೆಗೆ 15 ಡಿಗ್ರಿ. ಅವಳ ಪುಸ್ತಕದಲ್ಲಿ ರೇಖೀಯ ವೇಗ = ಕೋನೀಯ ವೇಗ × ತ್ರಿಜ್ಯ ಅಂತ ದಪ್ಪ ಅಕ್ಷರದಲ್ಲಿದೆ. ಭೂಮಿಯ ತ್ರಿಜ್ಯ 6,378 ಕಿ.ಮೀ. ಎರಡನ್ನೂ ಗುಣಿಸಿದರೆ ಗಂಟೆಗೆ 95,670 ಕಿ.ಮೀ. ಭೂಮಿ ಗಂಟೆಗೆ ಲಕ್ಷ ಕಿ.ಮೀ. ಮೇಲೆ ಹೋಗುತ್ತದೆ ಅಂತ ಎಲ್ಲೋ ಓದಿದ ನೆನಪಿತ್ತು. ಹತ್ತಿರ ಹತ್ತಿರ ಬಂತಲ್ಲ ಅಂತ ಖುಷಿಪಟ್ಟೆ.

ಮಗಳು ನಕ್ಕುಬಿಟ್ಟಳು. ಅವಳ ಪ್ರಕಾರ ಭೂಮಧ್ಯರೇಖೆಯಲ್ಲಿ 1,670. ಅದನ್ನು 13 ಡಿಗ್ರಿಯ ಕೊಸೈನ್, ಅಂದರೆ ತ್ರಿಕೋನಮಿತಿಯ ಕಾಸ್‌ನಿಂದ ಗುಣಿಸಬೇಕಂತೆ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದಳು, 1,515 ಬಂತು. ಅವಳ ಗೆಳತಿಗೆ ಫೋನ್ ಮಾಡಿದರೆ ಅದೇ ಸೂತ್ರ, ಅದೇ 13 ಡಿಗ್ರಿ, ಆದರೆ ಉತ್ತರ 1,627! ಇಬ್ಬರೂ ನಂದೇ ಸರಿ ಅಂತ ಅರ್ಧ ಗಂಟೆ ವಾದ ಮಾಡಿದರು. ನನ್ನ 95,670 ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಯಾರು ಸರಿ? ಯಾಕೆ? ನನಗೂ ಅರ್ಥ ಆಗುವ ಹಾಗೆ ಹೇಳಿ ಪ್ಲೀಸ್.

ಹಳೇ_ಮೇಷ್ಟ್ರು

ಗೆಳತಿ ಸರಿ. ಆದರೆ ನಿಮ್ಮಿಬ್ಬರ ತಪ್ಪುಗಳು ನನಗೆ ಹಳೇ ಪರಿಚಯ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ, ಪ್ರತಿ ವರ್ಷವೂ ಈ ಎರಡು ತಪ್ಪು ತಪ್ಪದೇ ಬರುತ್ತಿದ್ದವು. ತಮಾಷೆ ಅಂದರೆ ಎರಡೂ ಒಂದೇ ಬೇರಿನಿಂದ ಬಂದವು. ಡಿಗ್ರಿ ಯಾವಾಗ, ರೇಡಿಯನ್ ಯಾವಾಗ ಅನ್ನೋ ಗೊಂದಲ. ಅಪ್ಪ ರೇಡಿಯನ್ ಹಾಕಬೇಕಾದಲ್ಲಿ ಡಿಗ್ರಿ ಹಾಕಿದರು, ಮಗಳು ಡಿಗ್ರಿ ಹಾಕಬೇಕಾದಲ್ಲಿ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿತ್ತು.

ಮೊದಲು ಅಪ್ಪನದು. ಕೋನೀಯ ವೇಗವನ್ನು ತ್ರಿಜ್ಯದಿಂದ ಗುಣಿಸಿದರೆ ರೇಖೀಯ ವೇಗ ಸಿಗುವುದು ಕೋನ ರೇಡಿಯನ್‌ನಲ್ಲಿ ಇದ್ದಾಗ ಮಾತ್ರ. ರೇಡಿಯನ್ ಏನು ಅಂತ ಬಾಯಿಪಾಠ ಮಾಡಬೇಡಿ, ಒಂದು ದಾರ ತಗೊಳ್ಳಿ. ಸೈಕಲ್ ಗಾಲಿಯ ನಟ್ಟನಡುವಿನಿಂದ ಅಂಚಿನವರೆಗೆ ಹಿಡಿದು ಕತ್ತರಿಸಿ. ಅದೇ ದಾರವನ್ನು ಈಗ ಅಂಚಿನ ಮೇಲೆ ಬಾಗಿಸಿ ಇಡಿ. ಅಷ್ಟು ಅಂಚಿಗೆ ನಡುವಿನಲ್ಲಿ ಎಷ್ಟು ಕೋನ ಆಗುತ್ತದೋ ಅದೇ ಒಂದು ರೇಡಿಯನ್, ಸುಮಾರು 57.3 ಡಿಗ್ರಿ. ಗಾಲಿ ಒಂದು ರೇಡಿಯನ್ ತಿರುಗಿದರೆ ಅಂಚು ಸರಿಯಾಗಿ ಒಂದು ತ್ರಿಜ್ಯದಷ್ಟು ದೂರ ಹೋಗಿರುತ್ತದೆ. ಅದಕ್ಕೇ ಆ ಸೂತ್ರ ಅಷ್ಟು ಚಿಕ್ಕದಾಗಿರುವುದು. ನೀವು 15 ಡಿಗ್ರಿಯನ್ನು ಹಾಗೇ ಗುಣಿಸಿದಿರಿ, ಅಂದರೆ ಗಂಟೆಗೆ 15 ರೇಡಿಯನ್ ಅಂದ ಹಾಗೆ, ಭೂಮಿಯನ್ನು 57 ಪಟ್ಟು ಜೋರಾಗಿ ತಿರುಗಿಸಿಬಿಟ್ಟಿರಿ! 95,670 ಅನ್ನು 57.3ರಿಂದ ಭಾಗಿಸಿ ನೋಡಿ, ಮಗಳ 1,670 ಬಂದು ನಿಲ್ಲುತ್ತದೆ. ನಿಮಗೆ ನೆನಪಿದ್ದ ಲಕ್ಷ ಕಿ.ಮೀ. ಬೇರೆ ಕಥೆ. ಅದು ಭೂಮಿ ಸೂರ್ಯನ ಸುತ್ತ ಹೋಗುವ ವೇಗ, ಗಂಟೆಗೆ ಸುಮಾರು 1,07,000 ಕಿ.ಮೀ. ತಪ್ಪು ಉತ್ತರ ಯಾವುದೋ ಸರಿ ಸಂಖ್ಯೆಯ ಹತ್ತಿರ ಬಂದರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ರೇಡಿಯನ್ ಬೇಡವೇ ಬೇಡ ಅಂದರೆ ಅದನ್ನು ಬಿಟ್ಟೂ ಮಾಡಬಹುದು. ಒಂದು ಸುತ್ತಿಗೆ ಎಷ್ಟು ದೂರ? ಸುತ್ತಳತೆಯಷ್ಟು. ಎಷ್ಟು ಹೊತ್ತು? ಒಂದು ದಿನ. ಭೂಮಧ್ಯರೇಖೆಯ ಸುತ್ತಳತೆ 40,075 ಕಿ.ಮೀ., 24ರಿಂದ ಭಾಗಿಸಿ. 1,670. ಕತೆ ಮುಗಿಯಿತು.

ಈಗ ಮಗಳದು. ಕಾಸ್‌ನಿಂದ ಗುಣಿಸಬೇಕು ಅಂದದ್ದು ಪೂರ್ತಿ ಸರಿ. ಯಾಕೆ ಅಂತ ಅಡುಗೆಮನೆಯಲ್ಲೇ ನೋಡಬಹುದು. ಬಜ್ಜಿಗೆ ಈರುಳ್ಳಿ ಹೆಚ್ಚುವಾಗ ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತೇವಲ್ಲ, ನಡುವಿನ ಬಿಲ್ಲೆ ಎಲ್ಲಕ್ಕಿಂತ ದೊಡ್ಡದು, ತುದಿಗೆ ಹೋದಂತೆ ಚಿಕ್ಕದಾಗುತ್ತದೆ. ಹಾಸನ ತಿರುಗುವುದು ತನ್ನ ಬಿಲ್ಲೆಯ ಅಂಚಿನಲ್ಲಿ. ಹಾಗಾಗಿ ಬೇಕಾದ ತ್ರಿಜ್ಯ ಆ ಬಿಲ್ಲೆಯದು, ಇಡೀ ಈರುಳ್ಳಿಯದಲ್ಲ. ಭೂಮಿಯ ಮಧ್ಯದಿಂದ ಹಾಸನಕ್ಕೆ ಎಷ್ಟು ದೂರ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಧ್ರುವದಿಂದ ಧ್ರುವಕ್ಕೆ ಹಾದುಹೋಗುವ ಅಕ್ಷದಿಂದ ಎಷ್ಟು ದೂರ ಅನ್ನೋದೇ ಲೆಕ್ಕ. ಅದು 6,378 × ಕಾಸ್ 13 ಡಿಗ್ರಿ, ಸುಮಾರು 6,215 ಕಿ.ಮೀ.

ಎಡವಿದ್ದು ಮೊಬೈಲ್‌ನಲ್ಲಿ. 13 ಡಿಗ್ರಿಯ ಕಾಸ್ 0.9744. 13 ರೇಡಿಯನ್‌ನ ಕಾಸ್ 0.9074. ಎರಡೂ ಒಂದಕ್ಕಿಂತ ಸ್ವಲ್ಪ ಕಡಿಮೆ, ಎರಡೂ ನಂಬುವ ಹಾಗೇ ಇವೆ. ಹಾಸನದ ಬದಲು ಬೇರೆ ಅಕ್ಷಾಂಶದ ಊರಾಗಿದ್ದರೆ ಬಹುಶಃ ಉತ್ತರ ಎಡವಟ್ಟಾಗಿ ಬಂದು ತಾನೇ ಸಿಕ್ಕಿಬೀಳುತ್ತಿತ್ತು, 13 ಅನ್ನೋದು ಕೆಟ್ಟ ಅದೃಷ್ಟ ಅಷ್ಟೇ. ಇನ್ನು ಮೇಲೆ ಲೆಕ್ಕಕ್ಕೆ ಮುಂಚೆ ಕಾಸ್ 60 ಒತ್ತಿ ನೋಡಲು ಹೇಳಿ. 0.5 ಬಂದರೆ ಡಿಗ್ರಿಯಲ್ಲಿದೆ. ಮೈನಸ್ 0.95 ಬಂದರೆ ರೇಡಿಯನ್‌ನಲ್ಲಿದೆ, ಬದಲಾಯಿಸಿಕೊಳ್ಳಿ.

ಮೇಟಿ_ಗೌಡ್ರು

ಮೇಷ್ಟ್ರು ಈರುಳ್ಳಿ ತಂದರು, ನಾನು ಎತ್ತು ತರುತ್ತೇನೆ ತಡೀರಿ.

ನಮ್ಮದು ಗದಗ ಕಡೆ. ನಾನು ಸಣ್ಣವನಿದ್ದಾಗ ಕಣದಲ್ಲಿ ಹಂತಿ ಕಟ್ಟುತ್ತಿದ್ದರು. ಈಗ ಮಷೀನು ಬಂದು ಎಲ್ಲಾ ಹೋಯಿತು. ಕಣದ ನಡುವೆ ಮೇಟಿ ಅಂತ ಒಂದು ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಕಟ್ಟಿ ತೆನೆ ತುಳಿಸುವುದು. ಹಂತಿ ಹಾಡು ಹೇಳುತ್ತಾ ಹಿಂದೆ ಹಿಂದೆ ಸುತ್ತುವುದು. ನಮ್ಮ ಅಜ್ಜ ಮೇಟಿಯ ಪಕ್ಕಕ್ಕೆ ಯಾವಾಗಲೂ ಮುದಿ ಎತ್ತನ್ನೇ ಕಟ್ಟುತ್ತಿದ್ದ. ಹೊರತುದಿಗೆ ಹರೆಯದ ಹೋರಿ. ಯಾಕಜ್ಜಾ ಅಂದರೆ "ಒಳಗಿಂದು ನಿಂತಲ್ಲೇ ತಿರುಗಿದರ ಸಾಕು, ಹೊರಗಿಂದು ಓಡಬೇಕು" ಅನ್ನುತ್ತಿದ್ದ. ಸುತ್ತು ಎಲ್ಲಕ್ಕೂ ಒಂದೇ ಹೊತ್ತಿಗೆ ಮುಗಿಯುತ್ತದೆ, ಅದು ಕೋನೀಯ ವೇಗ. ಮೇಟಿಯಿಂದ ಒಂದು ಮಾರು ದೂರ ಇರುವ ಎತ್ತಿಗಿಂತ ಮೂರು ಮಾರು ದೂರ ಇರುವ ಹೋರಿ ಮೂರು ಪಟ್ಟು ನಡೆಯಬೇಕು, ಅದು ರೇಖೀಯ ವೇಗ. ಅಜ್ಜನಿಗೆ ಸೂತ್ರ ಗೊತ್ತಿರಲಿಲ್ಲ, ಎತ್ತು ಗೊತ್ತಿತ್ತು.

ಭೂಮಿಯಲ್ಲೂ ಅಷ್ಟೇ. ಧ್ರುವದ ಹತ್ತಿರ ಇರುವವರು ಮುದಿ ಎತ್ತು. ಕೆಲವು ಊರಿಗೆ ನಾನೇ ಹಾಕಿ ನೋಡಿದೆ, 24 ಗಂಟೆ ಇಟ್ಟುಕೊಂಡು. ಬೀದರ್‌ಗೆ 1,589. ದಿಲ್ಲಿಗೆ 1,466. ಲೇಹ್‌ಗೆ 1,382. ಲಂಡನ್‌ಗೆ ಸುಮಾರು 1,040.

ಹಾಸನದವರಿಗೆ ಇನ್ನೊಂದು ಮಾತು. ನಿಮ್ಮ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆಯಲ್ಲ, ದೊಡ್ಡ ದೊಡ್ಡ ಡಿಶ್‌ಗಳು ಆಕಾಶ ನೋಡುತ್ತಾ ಕೂತಿವೆಯಲ್ಲ, ಅವು ನೋಡುತ್ತಿರುವ ಭೂಸ್ಥಿರ ಉಪಗ್ರಹಗಳೇ ಈ ಹಂತಿಯ ಕಟ್ಟಕಡೆಯ ಹೋರಿ. ಭೂಮಿಯ ಮಧ್ಯದಿಂದ ಅವು 42,164 ಕಿ.ಮೀ. ದೂರ. ನೆಲದ ಜೊತೆ ಜೊತೆಗೇ ಒಂದು ಸುತ್ತು ಮುಗಿಸಬೇಕು, ಅದಕ್ಕೇ ಗಂಟೆಗೆ 11,000 ಕಿ.ಮೀ. ಮೇಲೆ ಓಡುತ್ತವೆ. ಕೆಳಗೆ ನಿಂತು ನೋಡುವವರಿಗೆ ಮಾತ್ರ ಅಲ್ಲಾಡದೆ ನಿಂತ ಹಾಗೆ. ಮನೆ ಮೇಲಿನ ಟೀವಿ ಡಿಶ್ ತಿರುಗಿಸದೆ ಸುಮ್ನೆ ಒಂದೇ ಕಡೆ ಇಟ್ಟರೂ ನಡೆಯುವುದು ಇದರಿಂದಲೇ.

ಬಿಕಾಂ_ಅಪ್ಪ

ಮೇಷ್ಟ್ರೇ, ಗೌಡ್ರೇ, ಕೈ ಮುಗಿದೆ. ಈರುಳ್ಳಿ ನಿಜವಾಗಲೂ ಹೆಚ್ಚಿದೆವು, ಬಜ್ಜಿಯೂ ಆಯಿತು. ಮಗಳು ಮೊಬೈಲ್ ನೋಡಿದಳು, ರೇಡಿಯನ್‌ನಲ್ಲೇ ಇತ್ತು. ಮುಖ ಸಣ್ಣ ಮಾಡಿಕೊಂಡು ಗೆಳತಿಗೆ ಮೆಸೇಜ್ ಹಾಕಿದಳು.

ಆದರೆ ಹೊಸ ತಲೆನೋವು. ಈಗ ಅವಳು ನೆಟ್‌ನಲ್ಲಿ ಹುಡುಕಿದರೆ ಭೂಮಧ್ಯರೇಖೆಯ ವೇಗ ಒಂದು ಕಡೆ 1,670, ಇನ್ನೊಂದು ಕಡೆ 1,674 ಅಂತಿದೆ. ನಾಲ್ಕು ಕಿ.ಮೀ. ಎಲ್ಲಿಂದ ಬಂತು? ಹಾಸನ ಸಮುದ್ರಕ್ಕಿಂತ ಸುಮಾರು ಒಂದು ಕಿ.ಮೀ. ಎತ್ತರದಲ್ಲಿದೆ, ಅದಕ್ಕಾ? ಮತ್ತೆ ಇದು ನನ್ನ ಪ್ರಶ್ನೆ: ಇಷ್ಟು ಜೋರಾಗಿ ಹೋಗುತ್ತಿದ್ದರೆ ನಮಗೆ ಗೊತ್ತೇ ಆಗಲ್ಲ ಯಾಕೆ? ಹೆಲಿಕಾಪ್ಟರ್ ಹಾರಿ ಮೇಲೆ ಸುಮ್ನೆ ನಿಂತರೆ ಕೆಳಗೆ ಭೂಮಿ ತಿರುಗಿ ದುಬೈ ಬರಬೇಕಿತ್ತಲ್ವಾ, ಟಿಕೆಟ್ ದುಡ್ಡು ಉಳಿಯುತ್ತಿತ್ತು.

ಇರುಳುಗಣ್ಣ

ಎತ್ತರದ್ದು ಅಲ್ಲ. ಒಂದು ಕಿ.ಮೀ. ಮೇಲೆ ಹೋದರೆ ವೇಗ ಜಾಸ್ತಿ ಆಗುವುದು ಸೆಕೆಂಡಿಗೆ ಏಳು ಸೆಂಟಿಮೀಟರ್ ಅಷ್ಟೇ, ಇರುವೆ ಹರಿದ ಹಾಗೆ. ಆ ನಾಲ್ಕು ಕಿ.ಮೀ. ಬಂದಿದ್ದು ಗಡಿಯಾರದಿಂದ.

ಟೆಲಿಸ್ಕೋಪ್ ಹಿಡಿದು ರಾತ್ರಿ ಅಲೆಯುವ ನಮ್ಮಂಥವರಿಗೆ ಇದು ಮೈಗೆ ಹತ್ತಿದ ವಿಷಯ. ಇವತ್ತು ಒಂದು ನಕ್ಷತ್ರ ರಾತ್ರಿ 9 ಗಂಟೆಗೆ ತೆಂಗಿನ ಮರದ ನೆತ್ತಿಗೆ ಬಂದರೆ ನಾಳೆ 8:56ಕ್ಕೇ ಬಂದಿರುತ್ತದೆ. ಹದಿನೈದು ದಿನ ಬಿಟ್ಟರೆ 8 ಗಂಟೆಗೇ. ಅಂದರೆ ನಕ್ಷತ್ರ ಇಟ್ಟುಕೊಂಡು ಅಳೆದರೆ ಭೂಮಿಯ ಒಂದು ಸುತ್ತು 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಮುಗಿಯುತ್ತದೆ, 24 ಗಂಟೆ ಬೇಕಾಗಿಲ್ಲ. 24 ಗಂಟೆ ಸೂರ್ಯನ ಲೆಕ್ಕ.

ಯಾಕೆ ಎರಡು ಲೆಕ್ಕ ಅಂದರೆ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವುದನ್ನು ನೆನಪು ಮಾಡಿಕೊಳ್ಳಿ. ಗರ್ಭಗುಡಿ ಸದಾ ನಿಮ್ಮ ಬಲಗಡೆಗೇ ಇರುತ್ತದೆ. ಗರ್ಭಗುಡಿ ಕಡೆಯಿಂದ ನೋಡಿದರೆ ನೀವು ನಿಮ್ಮ ಸುತ್ತ ಒಂದು ಸಲವೂ ತಿರುಗಿಲ್ಲ. ಆದರೆ ಹೊರಗಿನ ಪ್ರಾಕಾರದ ಗೋಡೆ ನೋಡಿ. ನಿಮ್ಮ ಮುಖ ನಾಲ್ಕೂ ಗೋಡೆಗೆ ಒಂದೊಂದು ಸಲ ತಿರುಗಿ ಬಂದಿದೆ, ಅಂದರೆ ಒಂದು ಸುತ್ತು ತಿರುಗಿದ್ದೀರಿ. ಗರ್ಭಗುಡಿ ಸೂರ್ಯ, ಗೋಡೆ ನಕ್ಷತ್ರಗಳು. ಭೂಮಿ ವರ್ಷಕ್ಕೊಂದು ಪ್ರದಕ್ಷಿಣೆ ಹಾಕುವುದರಿಂದ ಸೂರ್ಯನ ಲೆಕ್ಕದಲ್ಲಿ 365 ಚಿಲ್ಲರೆ ಸುತ್ತು ಆದರೆ ನಕ್ಷತ್ರದ ಲೆಕ್ಕದಲ್ಲಿ 366 ಚಿಲ್ಲರೆ. ಆ ಒಂದು ಹೆಚ್ಚಿನ ಸುತ್ತನ್ನು ದಿನ ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ನಿಮಿಷ.

ಆರ್ಯಭಟ 499ರಲ್ಲಿ ಇದನ್ನೇ ಕೊಟ್ಟಿದ್ದಾನೆ. 43,20,000 ವರ್ಷದ ಯುಗದಲ್ಲಿ ಭೂಮಿ 158,22,37,500 ಸಲ ತಿರುಗುತ್ತದೆ, ದಿನಗಳು 157,79,17,500 ಅಂತ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ, ಸರಿಯಾಗಿ 43,20,000 ಉಳಿಯುತ್ತದೆ, ವರ್ಷಕ್ಕೊಂದು ಪ್ರದಕ್ಷಿಣೆ! ಭಾಗಿಸಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡು. ಟೆಲಿಸ್ಕೋಪ್ ಇಲ್ಲದ ಕಾಲದಲ್ಲಿ! ನಾನು ಈ ಭಾಗಾಕಾರ ಮಾಡಿದ ದಿನ ನಿದ್ದೆ ಬರಲಿಲ್ಲ.

ಹಾಗಾಗಿ 40,075 ಅನ್ನು 23.9345ರಿಂದ ಭಾಗಿಸಿದರೆ 1,674. ಹಾಸನಕ್ಕೆ 1,631 ಚಿಲ್ಲರೆ, ಸೆಕೆಂಡಿಗೆ 453 ಮೀಟರ್. ಕಾಲೇಜಿಗೆ 24 ಗಂಟೆ ಹಾಕಿ 1,627 ಕೊಟ್ಟರೂ ನಡೆಯುತ್ತದೆ, ಆದರೆ ಯಾವ ದಿನ ಬಳಸಿದೆ ಅಂತ ಒಂದು ಸಾಲು ಬರೆದರೆ ಲೆಕ್ಚರರ್ ಖುಷಿಪಡುತ್ತಾರೆ.

ಹಳೇ_ಮೇಷ್ಟ್ರು

ಹೆಲಿಕಾಪ್ಟರ್ ಪ್ರಶ್ನೆಗೆ ನಾನು. ಹೆಲಿಕಾಪ್ಟರ್ ನೆಲ ಬಿಡುವಾಗಲೇ ಅದಕ್ಕೆ ಪೂರ್ವದ ಕಡೆ 1,600 ಕಿ.ಮೀ. ವೇಗ ಇರುತ್ತದೆ. ಮೇಲಕ್ಕೆ ಹೋದ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ. ಗಾಳಿಯೂ ನೆಲದ ಜೊತೆಯಲ್ಲೇ ತಿರುಗುತ್ತದೆ. ಓಡುವ ರೈಲಿನೊಳಗೆ ನೊಣ ಹಾರಿದ ಹಾಗೆ. ದುಬೈ ಟಿಕೆಟ್ ಕೊಳ್ಳಲೇಬೇಕು.

ಗೊತ್ತಾಗದೇ ಇರುವುದಕ್ಕೆ ಕಾರಣ: ವೇಗ ಎಷ್ಟಿದ್ದರೂ ಮೈಗೆ ತಿಳಿಯುವುದಿಲ್ಲ, ಬದಲಾದಾಗ ಮಾತ್ರ ತಿಳಿಯುತ್ತದೆ. ಬಸ್ಸು ಒಂದೇ ವೇಗದಲ್ಲಿ ಹೋಗುವಾಗ ನಿದ್ದೆ, ಬ್ರೇಕ್ ಹಾಕಿದಾಗ ಮುಂದಿನ ಸೀಟಿಗೆ ಹಣೆ. ಭೂಮಿ ಬ್ರೇಕ್ ಹಾಕುವುದಿಲ್ಲ. ತಿರುವಿನಲ್ಲಿ ಹೋಗುತ್ತಿದ್ದೇವೆ ನಿಜ, ಆದರೆ ಆ ತಿರುವು ಎಷ್ಟು ನಿಧಾನ ನೋಡಿ. ಗಡಿಯಾರದ ಗಂಟೆ ಮುಳ್ಳು ದಿನಕ್ಕೆ ಎರಡು ಸುತ್ತು ಹಾಕುತ್ತದೆ, ಭೂಮಿ ಒಂದೇ ಸುತ್ತು. ಗಂಟೆ ಮುಳ್ಳಿನ ಅರ್ಧದಷ್ಟು! ಅದರ ಮೇಲೆ ಕೂತರೆ ಯಾರಿಗೆ ತಲೆ ತಿರುಗುತ್ತದೆ? ಲೆಕ್ಕದಲ್ಲಿ ಹೇಳುವುದಾದರೆ ಭೂಮಧ್ಯರೇಖೆಯಲ್ಲಿ ಈ ತಿರುಗುವಿಕೆಯ ವೇಗೋತ್ಕರ್ಷ (ವೇಗ ಬದಲಾಗುವ ದರ) ಗುರುತ್ವದ ಶೇ 0.35 ಮಾತ್ರ. 60 ಕೆಜಿ ಮನುಷ್ಯನಿಗೆ ತಕ್ಕಡಿಯಲ್ಲಿ ಸುಮಾರು 200 ಗ್ರಾಂ ಕಡಿಮೆ ತೋರುತ್ತದೆ, ಅಷ್ಟೇ ವ್ಯತ್ಯಾಸ. ಭೂಮಿ ಈಗಿಗಿಂತ 17 ಪಟ್ಟು ಜೋರಾಗಿ ತಿರುಗಿದರೆ, ಅಂದರೆ ಒಂದು ಸುತ್ತು 84 ನಿಮಿಷಕ್ಕೇ ಮುಗಿದರೆ, ಭೂಮಧ್ಯರೇಖೆಯಲ್ಲಿ ತೂಕವೇ ಇರುತ್ತಿರಲಿಲ್ಲ. ಬಿಕಾಂ ಅಪ್ಪ 57 ಪಟ್ಟು ತಿರುಗಿಸಿದ್ದರು, ನಾವೆಲ್ಲ ಯಾವಾಗಲೋ ಹಾರಿಹೋಗಿರುತ್ತಿದ್ದೆವು.

ಉತ್ತರದ_ಚಳಿ

ನಾನು ಸ್ಟಾಕ್‌ಹೋಮ್‌ನಲ್ಲಿದ್ದೇನೆ, ಊರು ಶಿವಮೊಗ್ಗ. ಗೌಡ್ರು ಹೇಳಿದ ಮುದಿ ಎತ್ತು ನಾವೇ. ಇಲ್ಲಿ ಅಕ್ಷಾಂಶ 59 ದಾಟಿದೆ, ನೆಲದ ವೇಗ ಗಂಟೆಗೆ 850 ಕಿ.ಮೀ. ಅಷ್ಟೇ. ದೊಡ್ಡ ಪ್ರಯಾಣಿಕ ವಿಮಾನ ಸಾಮಾನ್ಯವಾಗಿ 900ರ ಆಸುಪಾಸಿನಲ್ಲಿ ಹಾರುತ್ತದೆ, ಹಾಗಾಗಿ ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ ಸೂರ್ಯನ ಜೊತೆ ಪಂದ್ಯ ಕಟ್ಟಬಹುದು.

ಒಂದು ಚಳಿಗಾಲದ ಮಧ್ಯಾಹ್ನ ಇಲ್ಲಿಂದ ಅಮೆರಿಕಕ್ಕೆ ಹೋಗುತ್ತಿದ್ದೆ. ಕಿಟಕಿ ಸೀಟು. ಹೊರಡುವಾಗಲೇ ಸೂರ್ಯ ಮುಳುಗುವ ಹೊತ್ತು, ಆಕಾಶ ಕೆಂಪು. ಊಟ ಬಂತು, ಒಂದು ಸಿನಿಮಾ ಮುಗಿಯಿತು, ಹೊರಗೆ ನೋಡಿದರೆ ಇನ್ನೂ ಅದೇ ಕೆಂಪು. ವಿಮಾನ ಇನ್ನೂ ಉತ್ತರಕ್ಕೆ ಬಾಗಿ ಹೋದಾಗ ಮುಳುಗಿದ್ದ ಸೂರ್ಯನ ಅಂಚು ಮತ್ತೆ ಮೇಲೆ ಬಂತು, ಅದೂ ಪಶ್ಚಿಮದಲ್ಲಿ! ನನಗೆ ಭ್ರಮೆ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. 65 ಡಿಗ್ರಿಯಲ್ಲಿ ನೆಲ ಗಂಟೆಗೆ 706 ಕಿ.ಮೀ. ಮಾತ್ರ ಹೋಗುತ್ತದೆ. ವಿಮಾನ ಅದನ್ನು ಹಿಂದೆ ಹಾಕಿತ್ತು, ಅಷ್ಟೇ.

ನಮ್ಮೂರಿನ ಅಕ್ಷಾಂಶದಲ್ಲಿ ಈ ಆಟ ಆಡಬೇಕಾದರೆ ಶಬ್ದಕ್ಕಿಂತ ಜೋರಾಗಿ ಹಾರಬೇಕು. ಕಾಂಕಾರ್ಡ್ ಇದ್ದಾಗ ಅದಾಗುತ್ತಿತ್ತು. 1973ರ ಜೂನ್ 30ರಂದು ಕಾಂಕಾರ್ಡ್ ವಿಮಾನವೊಂದರಲ್ಲಿ ವಿಜ್ಞಾನಿಗಳು ಆಫ್ರಿಕಾದ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳಿನ ಜೊತೆಯಲ್ಲೇ ಓಡಿ 74 ನಿಮಿಷ ಗ್ರಹಣ ನೋಡಿದರು. ನೆಲದ ಮೇಲೆ ನಿಂತವರಿಗೆ ಏಳು ನಿಮಿಷ ಸಿಕ್ಕಿದ್ದೇ ದೊಡ್ಡದು.

ಸುಮ್ನೆ_ಕೇಳ್ದೆ

ಎಲ್ಲಾ ಚೆನ್ನಾಗಿದೆ. ಆದರೆ ಇದರಿಂದ ಏನು ಉಪಯೋಗ? ಹಾಸನ 1,627 ಆದರೇನು 1,631 ಆದರೇನು, ಹಾಲಿನ ರೇಟು ಇಳಿಯುತ್ತಾ?

ಶಾರ್_ಪಕ್ಕದವ

ಹಾಲಿನ ರೇಟು ಇಳಿಯಲ್ಲ ಅಣ್ಣ, ರಾಕೆಟ್ಟಿನ ಇಂಧನ ಇಳಿಯುತ್ತದೆ.

ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹ ನಿಲ್ಲಬೇಕಾದರೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ಶ್ರೀಹರಿಕೋಟ ಇರುವುದು 13.7 ಡಿಗ್ರಿಯಲ್ಲಿ. ಅಲ್ಲಿ ನಿಂತ ರಾಕೆಟ್ಟಿಗೆ ಕಡ್ಡಿ ಗೀರುವ ಮುಂಚೆಯೇ ಪೂರ್ವಕ್ಕೆ ಸೆಕೆಂಡಿಗೆ 452 ಮೀಟರ್ ವೇಗ ಭೂಮಿಯಿಂದ ಬಿಟ್ಟಿಯಾಗಿ ಸಿಕ್ಕಿರುತ್ತದೆ. ಪೂರ್ವಕ್ಕೆ ಹಾರಿಸಿದರೆ ಅಷ್ಟು ಕಡಿಮೆ ಸಂಪಾದಿಸಿದರೆ ಸಾಕು. ರಷ್ಯಾದವರು ರಾಕೆಟ್ ಹಾರಿಸುವ ಬೈಕನೂರ್ 46 ಡಿಗ್ರಿ ಹತ್ತಿರ ಇದೆ, ಅಲ್ಲಿ ಸಿಗುವುದು 323 ಮೀಟರ್. ಯುರೋಪಿನವರು ತಮ್ಮ ಮನೆ ಬಿಟ್ಟು ದಕ್ಷಿಣ ಅಮೆರಿಕದ ಕೌರೂಗೆ ಹೋಗಿ ಹಾರಿಸುವುದಕ್ಕೆ ಇದೂ ಒಂದು ಕಾರಣ, ಅದು 5 ಡಿಗ್ರಿಯಲ್ಲಿದೆ, 463 ಮೀಟರ್ ಸಿಗುತ್ತದೆ. ಇಸ್ರೇಲ್ ಕಥೆ ಉಲ್ಟಾ. ಅವರ ಪೂರ್ವಕ್ಕೆ ಬೇರೆ ದೇಶಗಳು, ಹಾಗಾಗಿ ಪಶ್ಚಿಮಕ್ಕೆ, ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರಿಸುತ್ತಾರೆ. ಭೂಮಿ ಕೊಟ್ಟಿದ್ದನ್ನು ವಾಪಸ್ ಕೊಟ್ಟು, ಮೇಲೆ ತಾವೂ ಅಷ್ಟೇ ಹಾಕಬೇಕು.

ಈಗ ಯಾರಾದರೂ ಕೇಳುತ್ತೀರಿ, ಹಾಗಾದರೆ ಕೇರಳದಲ್ಲಿ ಇಸ್ರೋದ ರಾಕೆಟ್ ನೆಲೆ ಇರುವ "ತುಂಬಾ" ಅನ್ನೋ ಊರು ಇನ್ನೂ ಭೂಮಧ್ಯರೇಖೆಗೆ ಹತ್ತಿರ ಅಲ್ವಾ, ಅಲ್ಲಿಂದ ಯಾಕೆ ಉಪಗ್ರಹ ಹಾರಿಸಲ್ಲ ಅಂತ. ಕಾಸ್ ಹಾಕಿ ನೋಡಿ. ತುಂಬಾ ಊರು 8.5 ಡಿಗ್ರಿ, 460 ಮೀಟರ್. ಶ್ರೀಹರಿಕೋಟಕ್ಕಿಂತ ಎಂಟು ಮೀಟರ್ ಜಾಸ್ತಿ, ಅಷ್ಟೇ. ಭೂಮಧ್ಯರೇಖೆಯ ಹತ್ತಿರ ಈರುಳ್ಳಿ ಬಿಲ್ಲೆಗಳ ಅಳತೆ ಬೇಗ ಬದಲಾಗಲ್ಲ, ತುದಿಗೆ ಹೋದ ಮೇಲೆ ಸರ್ರನೆ ಇಳಿಯುತ್ತದೆ. ಆ ಎಂಟು ಮೀಟರ್ ಆಸೆಗೆ ಪೂರ್ವಕ್ಕೆ ಹಾರಿಸಿದರೆ ಕಳಚಿದ ಹಂತಗಳು ಜನ ಇರುವ ನೆಲದ ಮೇಲೆ ಬೀಳುತ್ತವೆ. ಮಂಗಳೂರು, ಕಾರವಾರಕ್ಕೂ ಇದೇ ಮಾತು. ಸಮುದ್ರ ಇದೆ, ಆದರೆ ತಪ್ಪು ಕಡೆ ಇದೆ.

ಎಲ್ಲಾ ಉಪಗ್ರಹಕ್ಕೂ ಈ ಬಿಟ್ಟಿ ವೇಗ ಬೇಕು ಅಂತಲೂ ಇಲ್ಲ. ಪಿಎಸ್‌ಎಲ್‌ವಿ ರಾಕೆಟ್ಟು ಎಷ್ಟೋ ಸಲ ಭೂಮಿ ಫೋಟೋ ತೆಗೆಯುವ ಉಪಗ್ರಹಗಳನ್ನು ಉತ್ತರ ದಕ್ಷಿಣವಾಗಿ, ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಗೆ ಬಿಡುತ್ತದೆ. ಅಲ್ಲಿ ಪೂರ್ವದ 452 ಮೀಟರ್ ಪ್ರಯೋಜನಕ್ಕಿಲ್ಲ, ಅದನ್ನು ಅಳಿಸಿಕೊಳ್ಳಲೇ ಇಂಧನ ಖರ್ಚು. ಅದರ ಮೇಲೆ ದಕ್ಷಿಣಕ್ಕೆ ನೇರ ಹೋದರೆ ಶ್ರೀಲಂಕಾ ಅಡ್ಡ, ಸುತ್ತು ಹಾಕಿ ಹೋಗಬೇಕು. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಸಣ್ಣ ರಾಕೆಟ್ಟುಗಳಿಗೆ ಹೊಸ ನೆಲೆ ಮಾಡುತ್ತಿರುವುದು ಈ ಸುತ್ತು ತಪ್ಪಿಸಲಿಕ್ಕೇ.

ಬಿಕಾಂ_ಅಪ್ಪ, ಸೋಮವಾರ ಸಂಜೆ 6:15

ನಾನು ಮಗಳು, ಅಪ್ಪನ ಐಡಿಯಿಂದ ಬರೆಯುತ್ತಿದ್ದೇನೆ. ಮೇಷ್ಟ್ರಿಗೆ, ಎಲ್ಲಾ ಅಂಕಲ್‌ಗಳಿಗೆ ಥ್ಯಾಂಕ್ಸ್. 1,631 ಬರೆದು, ಕೆಳಗೆ 23 ಗಂಟೆ 56 ನಿಮಿಷ ಬಳಸಿದ್ದೇನೆ ಅಂತಲೂ ಬರೆದೆ. ಪ್ರದಕ್ಷಿಣೆ ವಿಷಯ ಹೇಳಿದಾಗ ನಮ್ಮ ಮಿಸ್ ಎರಡು ನಿಮಿಷ ಸುಮ್ಮನೆ ನಿಂತು ಆಮೇಲೆ ಬೋರ್ಡಿನ ಮೇಲೆ ಬರೆಸಿದರು.

ಬೇರೆ ಕಡೆಗೂ ಹಾಕಿ ನೋಡಿದೆ. ಗುರು ಗ್ರಹದ ತ್ರಿಜ್ಯ 71,492 ಕಿ.ಮೀ., ಒಂದು ಸುತ್ತಿಗೆ ಹತ್ತಿರ ಹತ್ತಿರ 9 ಗಂಟೆ 55 ನಿಮಿಷ. ಗಂಟೆಗೆ 45,000 ಕಿ.ಮೀ. ದಾಟಿತು! ಮಂಗಳ 867. ಚಂದ್ರನ ಮಧ್ಯರೇಖೆ ಬರೀ 16.7, ನನ್ನ ಸೈಕಲ್ಲಿನಷ್ಟು.

ಆಮೇಲೆ ವಿಕ್ರಮ್ ಲ್ಯಾಂಡರ್ ಇಳಿದ ಜಾಗ ಹಾಕಿದೆ. 2023ರ ಆಗಸ್ಟ್ 23ರಂದು ಇಳಿದದ್ದು ದಕ್ಷಿಣಕ್ಕೆ 69.37 ಡಿಗ್ರಿಯಲ್ಲಿ. ಮೊದಲು ಕಾಸ್ 60 ಒತ್ತಿ ನೋಡಿದೆ, 0.5 ಬಂತು. ಆಮೇಲೆ ಲೆಕ್ಕ. ಗಂಟೆಗೆ 5.9 ಕಿ.ಮೀ., ಅಂದರೆ ಸೆಕೆಂಡಿಗೆ 1.63 ಮೀಟರ್. ಅಪ್ಪ ಬೆಳಗ್ಗೆ ವಾಕಿಂಗ್ ಹೋಗುವ ಸ್ಪೀಡು. ಪ್ರಗ್ಯಾನ್ ರೋವರ್ ಸೆಕೆಂಡಿಗೆ ಒಂದು ಸೆಂಟಿಮೀಟರ್ ಹೋಗುತ್ತಿತ್ತಂತೆ. ಅದಕ್ಕಿಂತ 163 ಪಟ್ಟು ಜೋರಾಗಿ ಅದರ ಕೆಳಗಿನ ನೆಲವೇ ಹೋಗುತ್ತಿತ್ತು.

ಎಲ್ಲಕ್ಕಿಂತ ಇಷ್ಟ ಆಗಿದ್ದು ಶುಕ್ರ. ತ್ರಿಜ್ಯ 6,052 ಕಿ.ಮೀ., ಒಂದು ಸುತ್ತಿಗೆ ನಮ್ಮ 243 ದಿನ. ಗಂಟೆಗೆ 6.5 ಕಿ.ಮೀ. ಬಂತು. ಅಂದರೆ ಅಲ್ಲಿ ಬಿರುಸಾಗಿ ನಡೆದರೆ ಸಾಕು, ಸೂರ್ಯ ಮುಳುಗುವುದೇ ಇಲ್ಲ. ಸರಿ ಅಲ್ವಾ?

ಇರುಳುಗಣ್ಣ

ಪುಟ್ಟಿ, 6.5 ಸರಿ, ನಡಿಗೆ ತಪ್ಪು. ಯಾವ ದಿನ ಬಳಸಿದೆ? 243 ಅನ್ನೋದು ನಕ್ಷತ್ರದ ಲೆಕ್ಕ, ಪ್ರಾಕಾರದ ಗೋಡೆ. ಸೂರ್ಯ ಮುಳುಗುವ ಮಾತಾದರೆ ಗರ್ಭಗುಡಿ ಲೆಕ್ಕ ಬೇಕು. ಶುಕ್ರ ಬೇರೆ ಉಲ್ಟಾ ತಿರುಗುತ್ತಾನೆ, ಅಲ್ಲಿ ಸೂರ್ಯ ಹುಟ್ಟುವುದೇ ಪಶ್ಚಿಮದಲ್ಲಿ. ಪ್ರದಕ್ಷಿಣೆ ಒಂದು ಕಡೆ, ಮೈ ತಿರುಗುವುದು ಇನ್ನೊಂದು ಕಡೆ ಆದಾಗ ಸೂರ್ಯನ ದಿನ ಉದ್ದ ಆಗಲ್ಲ, ಚಿಕ್ಕದಾಗುತ್ತದೆ. ನಮ್ಮ 117 ದಿನಕ್ಕೊಂದು ಹಗಲು ರಾತ್ರಿ. ಮತ್ತೆ ಭಾಗಿಸು, 13.5 ಬರುತ್ತದೆ.

ನಡೆದರೆ ಸಾಲದು, ಪೂರ್ವಕ್ಕೆ ಮುಖ ಮಾಡಿ ಓಡಬೇಕು. ಅದೂ 460 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ.

ಬಿಕಾಂ_ಅಪ್ಪ

ಹಾಕಿದೆ, 13.5 ಬಂತು. ಅಪ್ಪ ವಾಕಿಂಗ್ ಇಲ್ಲೇ ಹಾಸನದಲ್ಲೇ ಮಾಡ್ತಾರಂತೆ.